ಬೇಲಿ ಎದ್ದು ಯೂನಿಟ್ ಮೇಯ್ದದ್ದು

ನಮ್ಮ ಮನೆಗೆ ಕಳ್ಳ ಬಂದದ್ದು ಒಂದೇ ಸಲ, 1991ರಲ್ಲಿ. ಹಿತ್ತಲ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆಯ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಹಂಡೆ ಹೊತ್ತುಕೊಂಡು ಹೋಗಿದ್ದ. ಮರುವಾರವೇ ಅಪ್ಪ ಗಾರೆ ಕೆಲಸದವನನ್ನು ಕರೆಸಿ ಕಾಂಪೌಂಡಿನ ಉದ್ದಕ್ಕೂ ಒಡೆದ ಬಾಟಲಿಯ ಚೂರು ನೆಡಿಸಿದರು. ಆ ಚೂರಿನಿಂದ ಮೊದಲು ಕೈ ಕೊಯ್ದುಕೊಂಡವರು ಅಪ್ಪನೇ. ಪಕ್ಕದ ಮನೆಯ ನುಗ್ಗೆ ಮರ ನಮ್ಮ ಕಡೆಗೆ ಬಾಗಿತ್ತು. ನಾಲ್ಕು ಹೊಲಿಗೆ ಬಿತ್ತು. ಎರಡನೆಯವನು ನಾನು, ಕ್ರಿಕೆಟ್ ಚೆಂಡಿನ ನೆಪದಲ್ಲಿ. ಕಳ್ಳ ಮಾತ್ರ ಮತ್ತೆ ಬರಲಿಲ್ಲ. ಬರಲಿಕ್ಕೆ ಮನೆಯಲ್ಲಿ ಇನ್ನೊಂದು ಹಂಡೆ ಇರಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ‘ಈ ಮನುಷ್ಯನಿಗೆ ಇದೆಲ್ಲ ಎಲ್ಲಿಂದ ಬಂತು’ ಅಂತ ನೀವು ಕೇಳಿಯೇ ಕೇಳುತ್ತೀರಿ. ರಕ್ತದಲ್ಲೇ ಬಂತು.

ಹೋದ ವರ್ಷ ನಮ್ಮ ಆಫೀಸಿನಲ್ಲಿ ಸೈಬರ್ ಸುರಕ್ಷತೆಯ ಬಗ್ಗೆ ಒಂದು ದಿನದ ತರಬೇತಿ. ಮಧ್ಯಾಹ್ನ ಬಿಸಿಬೇಳೆಬಾತ್ ಚೆನ್ನಾಗಿದ್ದುದರಿಂದ ಎರಡು ಗಂಟೆಯ ಮೇಲೆ ಇಡೀ ಸಭೆ ತೂಕಡಿಸುತ್ತಿತ್ತು. ಮಾತಾಡುತ್ತಿದ್ದವರು ‘ಮಿರಾಯ್’ ಅಂದದ್ದು ನನಗೆ ‘ಮಿರ್ಚಿ’ ಅಂತ ಕೇಳಿಸಿ, ಎಚ್ಚರವಾಯಿತು. ಆಗಿದ್ದ ಎಚ್ಚರ ಇವತ್ತಿಗೂ ಪೂರ್ತಿ ಇಳಿದಿಲ್ಲ. ಮಿರಾಯ್ ಎಂಬುದು 2016ರ ಒಂದು ಮಾಲ್‌ವೇರ್. ಜನರ ಮನೆಯ ಸಿಸಿ ಕ್ಯಾಮೆರಾ, ಡಿವಿಆರ್, ರೂಟರುಗಳಿಗೆ ನುಗ್ಗಿತಂತೆ. ಬೀಗ ಒಡೆದೇನಲ್ಲ, ಕಂಪನಿಯವರು ಕಾರ್ಖಾನೆಯಲ್ಲೇ ಇಟ್ಟು ಕಳಿಸುವ ‘ಅಡ್ಮಿನ್ – ಅಡ್ಮಿನ್’ ತರಹದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಆ ವರ್ಷದ ಅಕ್ಟೋಬರಿನಲ್ಲಿ ಹೀಗೆ ವಶವಾದ ಕ್ಯಾಮೆರಾಗಳೆಲ್ಲ ಸೇರಿ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್ ನೆಟ್‌ಫ್ಲಿಕ್ಸ್‌ನಂಥವೇ ಗಂಟೆಗಟ್ಟಲೆ ತತ್ತರಿಸಿದ್ದವು.

ಮನೆಗೆ ಬಂದವನೇ ಚಪ್ಪಲಿ ಬಿಡದೆ ಗೇಟಿನ ಕ್ಯಾಮೆರಾ ನೋಡಿದೆ. ಎರಡು ಸಾವಿರ ರೂಪಾಯಿಯ ಬಿಳಿ ಉಂಡೆ. ಇಷ್ಟು ದಿನ ಹೂವಿನವಳನ್ನೂ ಕೊರಿಯರ್ ಹುಡುಗನನ್ನೂ ನೋಡುತ್ತ ಸುಮ್ಮನೆ ಕೂತಿದ್ದ ಅದರ ಮುಖದಲ್ಲಿ ಅವತ್ತು ಏನೋ ಕಳ್ಳ ಕಳೆ ಕಂಡಿತು. ಪಾಸ್‌ವರ್ಡ್ ನೋಡಿದೆ. ಅಡ್ಮಿನ್.

ಇಲ್ಲಿ ಬುದ್ಧಿಯಿದ್ದವರು ಪಾಸ್‌ವರ್ಡ್ ಬದಲಾಯಿಸಿ ಕಾಫಿ ಕುಡಿಯುತ್ತಾರೆ. ನಾನು ಫೈರ್‌ವಾಲ್ ಕಟ್ಟಲು ಹೊರಟೆ.

“ಬೆಂಕಿ ಗೋಡೇನಾ? ಅಡುಗೆಮನೆಗೇನೋ?” ಅಂದರು ಅಮ್ಮ. ಅವರು ಹೇಳಿದ್ದೇ ಸರಿ ಅಂತ ಆಮೇಲೆ ತಿಳಿಯಿತು: ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಿರಲಿ ಎಂದು ನಡುವೆ ಕಟ್ಟುತ್ತಿದ್ದ ಗೋಡೆಯ ಹೆಸರನ್ನೇ ಕಂಪ್ಯೂಟರಿನವರು ಎತ್ತಿಕೊಂಡದ್ದು. ನಾನು ಅಮ್ಮನಿಗೆ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಉದಾಹರಣೆ ಕೊಟ್ಟೆ. ಒಳಗಿನವರು ಹೊರಗೆ ಹೋದರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ, ಅವರಿಗೆ ಬಂದ ಉತ್ತರವನ್ನು ಒಳಗೆ ಬಿಡುತ್ತಾನೆ. ಕರೆಯದೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾನೆ. “ಸಂಬಳ?” ಅಂದರು. “ಸಾಫ್ಟ್‌ವೇರ್ ಪುಕ್ಕಟೆ ಅಮ್ಮ” ಅಂದೆ.

ಪುಕ್ಕಟೆ ಎಂಬುದು ನಿಜ. ಪಿಎಫ್‌ಸೆನ್ಸ್ ಅಂತ ಒಂದಿದೆ, 2004ರಲ್ಲಿ ಬೇರೊಂದು ಮನೆಯಿಂದ ಪಾಲು ತೆಗೆದುಕೊಂಡು ಹೊರಬಂದದ್ದು. ಅದರಿಂದ 2015ರಲ್ಲಿ ಪಾಲು ತೆಗೆದುಕೊಂಡು ಹೊರಬಂದದ್ದು ಓಪಿಎನ್‌ಸೆನ್ಸ್. ದಾಯಾದಿಗಳ ನಡುವೆ ಮಾತುಕತೆ ಅಷ್ಟಕ್ಕಷ್ಟೆ. ಯಾವುದನ್ನಾದರೂ ಹಾಕಿಕೊಳ್ಳಿ, ಕೇಳುವುದು ಇಷ್ಟೇ: ಒಂದು ಹಳೆ ಕಂಪ್ಯೂಟರ್, ಅದಕ್ಕೆ ಎರಡು ಲ್ಯಾನ್ ಪೋರ್ಟ್. ಬೀದಿ ಕಡೆಗೊಂದು ಬಾಗಿಲು, ಮನೆ ಕಡೆಗೊಂದು ಬಾಗಿಲು. ನಡುವೆ ವಾಚ್‌ಮ್ಯಾನ್.

ಹಳೆ ಕಂಪ್ಯೂಟರ್ ಅಟ್ಟದ ಮೇಲೆ ಇತ್ತು. 2003ರಲ್ಲಿ ಸಾಲ ಮಾಡಿ ಕೊಂಡ ಪೆಂಟಿಯಂ ಫೋರ್. ‘ಇದನ್ನು ಗುಜರಿಗೆ ಹಾಕಿ’ ಎಂದು ಹೆಂಡತಿ ಹೇಳಿದಾಗಲೆಲ್ಲ ‘ಯಾವತ್ತಾದರೂ ಕೆಲಸಕ್ಕೆ ಬರುತ್ತೆ’ ಅಂದಿದ್ದೆ. ಆ ಯಾವತ್ತು ಇವತ್ತು ಬಂತಲ್ಲ ಎಂದು ಹಿಗ್ಗುತ್ತ ಏಣಿ ಹತ್ತಿದೆ. ಪೆಟ್ಟಿಗೆಯ ಮಗ್ಗುಲು ಬಿಚ್ಚಿದರೆ ಹಲ್ಲಿಯ ಎರಡು ಮೊಟ್ಟೆ, ಒಂದು ಬೊಗಸೆ ಧೂಳು. ಅಮ್ಮ ಹಲ್ಲಿ ಮೊಟ್ಟೆ ಒಡೆಯಬಾರದು ಎಂದು ತಡೆದದ್ದರಿಂದ ಅವನ್ನು ಹತ್ತಿಯ ಮೇಲಿಟ್ಟು ಸ್ಥಳಾಂತರಿಸಲು ಅರ್ಧ ಗಂಟೆ. ಆ ಪೆಂಟಿಯಂ ಪೆನ್‌ಡ್ರೈವಿನಿಂದ ಬೂಟ್ ಆಗುವ ಕಾಲದ್ದಲ್ಲ. ಖಾಲಿ ಸಿಡಿ ಬೇಕು. ಮನೆಯೆಲ್ಲ ಹುಡುಕಿದರೆ ಸಿಕ್ಕಿದ್ದು ನಮ್ಮ ಮದುವೆಯ ಸಿಡಿ. ಕೊನೆಗೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯವನು ಒಂದು ಖಾಲಿ ಸಿಡಿಯನ್ನು ಧೂಳು ಒರೆಸಿ, ದುಡ್ಡು ಬೇಡ ಅಂತ ಕೊಟ್ಟ. ಎಲ್ಲ ಸೇರಿ ಶನಿವಾರ ಪೂರ್ತಿ ಹೋಯಿತು. ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ಒಂದೇ ಸಾಲು ಬಂತು: ಈ ಪ್ರೊಸೆಸರ್ 64-ಬಿಟ್ ಅಲ್ಲ. 2017ರಲ್ಲೇ ಪಿಎಫ್‌ಸೆನ್ಸ್ 32-ಬಿಟ್ ಯಂತ್ರಗಳ ಕೈಬಿಟ್ಟಿತ್ತು. ಓದಿದ್ದರೆ ಗೊತ್ತಾಗುತ್ತಿತ್ತು, ನಾನು ಏಣಿ ಹತ್ತಿದ್ದೆ.

ಭಾನುವಾರವೇ ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದವನಿಗೆ ಅಲ್ಲಿ ಭಾನುವಾರ ಷಟರ್ ಎಳೆದಿರುತ್ತೆ ಅಂತ ಗೊತ್ತಿರಬೇಕಿತ್ತು. ಸೋಮವಾರ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ.

ಎಸ್‌ಪಿ ರೋಡ್ ಎಂಬ ಸಾದರ ಪತ್ರಪ್ಪ ರಸ್ತೆಯನ್ನು ನೋಡದವರಿಗೆ ಹೇಗೆ ಹೇಳುವುದು? ಒಂದು ಕೈಗಾಡಿ ಅಡ್ಡ ನಿಂತರೆ ಇಡೀ ಬೀದಿಯೇ ನಿಲ್ಲುತ್ತದೆ. ಮೆಟ್ಟಿಲ ಕೆಳಗಿನ ಮೂರಡಿ ಜಾಗವೂ ಅಂಗಡಿಯೇ; ಅದರಲ್ಲಿ ಸೋಪಿನ ಡಬ್ಬಿಯಷ್ಟು ಸಣ್ಣದರಿಂದ ಹಿಡಿದು ಆಳೆತ್ತರದ ಸರ್ವರ್‌ವರೆಗೆ ಏನು ಕೇಳಿದರೂ ‘ಇದೆ ಸಾರ್, ಕೂತ್ಕೊಳಿ’ ಅನ್ನುತ್ತಾರೆ. ಕೂರಲು ಜಾಗ ಮಾತ್ರ ಇರುವುದಿಲ್ಲ. ನಾನು ಹೊಕ್ಕ ಅಂಗಡಿಯಲ್ಲಿ ಯಾವುದೋ ಕಂಪನಿ ಹರಾಜು ಹಾಕಿದ ಡೆಸ್ಕ್‌ಟಾಪುಗಳು ಇಟ್ಟಿಗೆ ಗೂಡಿನ ಹಾಗೆ ಸೂರಿನ ತನಕ ಪೇರಿಸಿದ್ದವು.

“ಏನ್ ಕೊಡ್ಲಿ ಸಾರ್?”

“ಫೈರ್‌ವಾಲ್‌ಗೆ ಒಂದು ಮಷಿನ್.”

“ಯಾವ ಆಫೀಸಿಗೆ?”

“ಮನೆಗೆ.”

ಅವನು ಬಿಲ್ ಬುಕ್ ಕೆಳಗಿಟ್ಟ. “ಯೂಸರ್ ಎಷ್ಟು ಸಾರ್?”

“ನಾಲ್ಕು. ಅದರಲ್ಲಿ ಒಬ್ಬರು ನಮ್ಮಮ್ಮ.”

ಅವನು ನಗಲಿಲ್ಲ. ವ್ಯಾಪಾರ ಬಲ್ಲವರು ಇಂಥ ಕಡೆ ನಗುವುದಿಲ್ಲ. ಒಳಗಿನ ಹುಡುಗನಿಗೆ ಕೂಗಿ ನಾಲ್ಕನೇ ತಲೆಮಾರಿನ ಐ-ಫೈವ್ ಇರುವ ಒಂದು ಸಪೂರ ಕ್ಯಾಬಿನೆಟ್ ಇಳಿಸಿದ. ಆರೂವರೆ ಸಾವಿರ. ನಾನು ಬೆರಳಲ್ಲಿ ತಟ್ಟಿ ನೋಡಿದೆ, ಕಲ್ಲಂಗಡಿ ಹಣ್ಣು ನೋಡುವ ಹಾಗೆ. ಏನು ಕೇಳಿಸಿತು ಅಂತ ನೀವು ಕೇಳಬೇಡಿ. ಆರು ಸಾವಿರಕ್ಕೆ ಇಳಿಸಿ ಗೆದ್ದವನಂತೆ ಎದೆಯುಬ್ಬಿಸಿದೆ.

ಎರಡನೇ ಪೋರ್ಟಿಗೆ ಲ್ಯಾನ್ ಕಾರ್ಡ್ ಬೇಕಲ್ಲ. ಇಂಟೆಲ್ ಚಿಪ್ಪಿನದು ತೆಗೆದುಕೊಳ್ಳಿ, ಪಿಎಫ್‌ಸೆನ್ಸಿನ ತಳದಲ್ಲಿರುವ ಫ್ರೀಬಿಎಸ್‌ಡಿಗೆ ಅದು ಒಗ್ಗುತ್ತೆ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಅದಕ್ಕೆ ಸಾವಿರದ ಎಂಟುನೂರು. ಪಕ್ಕದಲ್ಲೇ ನಾನೂರೈವತ್ತರ ಇನ್ನೊಂದು ಕಾರ್ಡ್. ಎರಡಕ್ಕೂ ತೂತು ಒಂದೇ ಥರ ಇದ್ದುದರಿಂದ ನಾನೂರೈವತ್ತರದು ತಂದೆ. ಎರಡೇ ದಿನ. ಮಗ ದೊಡ್ಡ ಫೈಲ್ ಇಳಿಸಲು ಶುರು ಮಾಡಿದ ತಕ್ಷಣ ಕಾರ್ಡ್ ಮೂರ್ಛೆ ಹೋಗುತ್ತಿತ್ತು. ಮತ್ತೆ ಅರ್ಧ ದಿನ ರಜೆ, ಸಾವಿರದ ಎಂಟುನೂರು. ಅಂಗಡಿಯವನು ಆಗಲೂ ನಗಲಿಲ್ಲ.

ಇನ್ನು ಸಪೂರ ಕ್ಯಾಬಿನೆಟ್ಟಿನ ಗುಟ್ಟು. ಅದರಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ನಿಲ್ಲುತ್ತದೆ. ನನ್ನ ಕಾರ್ಡ್ ಗಿಡ್ಡದ್ದೇ, ಆದರೆ ಅದರ ತುದಿಯ ತಗಡು ಪಟ್ಟಿ ಪೂರ್ತಿ ಎತ್ತರದ್ದು. ಗಿಡ್ಡ ಪಟ್ಟಿ ಬೇರೆ ಸಿಗುತ್ತದೆ, ನೂರು ರೂಪಾಯಿ. ಆದರೆ ಅದಕ್ಕಾಗಿ ನಾಲ್ಕನೇ ಸಲ ಎಸ್‌ಪಿ ರೋಡಿಗೆ ಹೋಗಲು ನನಗೆ ರಜೆಯೂ ಉಳಿದಿರಲಿಲ್ಲ, ಮುಖವೂ ಉಳಿದಿರಲಿಲ್ಲ. ಪಟ್ಟಿ ಬಿಚ್ಚಿ ಬಿಸಾಕಿದೆ. ಕಾರ್ಡ್ ಸ್ಲಾಟಿನಲ್ಲಿ ಒಂಟಿ ಕಾಲಲ್ಲಿ ನಿಂತು ಅಲ್ಲಾಡಿತು. ಕಟ್ಟಲು ಏನಾದರೂ ಬೇಕಿತ್ತು. ಎದುರಿಗೆ ಹೆಂಡತಿ ಹೂ ಕಟ್ಟಿ ಮಿಗಿಸಿದ ಬಾಳೆನಾರು, ನೀರಿನ ತಟ್ಟೆಯಲ್ಲಿ. ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಇಂಟೆಲ್ ಕಾರ್ಡ್ ದೇವರ ಮನೆಗೆ ಹೊರಟ ಮೊಳ ಮಲ್ಲಿಗೆಯ ಹಾಗೆ ಕಂಡಿತು. ಒದ್ದೆ ನಾರು ಬಿಗಿಯಾಗಿ ಹಿಡಿಯುತ್ತದೆ, ಒಣಗಿದರೆ ಸಡಿಲ. ಹಾಗಾಗಿ ನಮ್ಮ ಮನೆಯ ಇಂಟರ್ನೆಟ್ ಮೂರು ದಿನಕ್ಕೊಮ್ಮೆ ಬಾಡುತ್ತಿತ್ತು. ಕಂಪ್ಯೂಟರಿನ ಮಗ್ಗುಲು ತೆಗೆದು ಹೊಸ ನಾರು ಕಟ್ಟಿದರೆ ಮತ್ತೆ ಅರಳುತ್ತಿತ್ತು.

ಆದರೂ ನಾನು ಸುಖವಾಗಿದ್ದೆ. ರಾತ್ರಿ ಹನ್ನೊಂದಕ್ಕೆ ಕೂತು ಲಾಗ್ ನೋಡುವುದೇ ಒಂದು ಭೋಗ. ‘ತಡೆಯಲಾಗಿದೆ, ತಡೆಯಲಾಗಿದೆ’ ಎಂದು ಕೆಂಪು ಗುರುತಿನ ಸಾಲು ಸಾಲು. ಜಗತ್ತಿನ ಕಳ್ಳರೆಲ್ಲ ನಮ್ಮ ಗೇಟಿಗೆ ಬಂದು ಸಪ್ಪೆ ಮುಖ ಹಾಕಿಕೊಂಡು ವಾಪಸು ಹೋಗುತ್ತಿದ್ದಾರೆ ಅಂದುಕೊಂಡಿದ್ದೆ. ಅದರಲ್ಲಿ ಬಹುಪಾಲು ನಮ್ಮ ಟಿವಿಯೂ ಪ್ರಿಂಟರೂ ಒಂದನ್ನೊಂದು ಹುಡುಕಿ ಕೂಗುತ್ತಿದ್ದ ಸದ್ದು ಅಂತ ಮಗ ಆಮೇಲೆ ತೋರಿಸಿದ.

ಮುಂದಿನ ತಿಂಗಳು ಮೀಟರ್ ಓದುವವರು ಬಂದು ಕೈಯಂತ್ರದಿಂದ ಚೀಟಿ ಹರಿದುಕೊಟ್ಟರು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಮನೆಯಲ್ಲಿ ಆ ಚೀಟಿಗೆ ಒಂದು ಗೌರವವಿದೆ. ಕೊನೆಯಲ್ಲಿ ಸೊನ್ನೆ ಇರುವುದನ್ನು ನೋಡಿ, ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಲ್ಲಿ ಸಿಕ್ಕಿಸುತ್ತಾಳೆ, ಮಗನ ಮಾರ್ಕ್ಸ್‌ಕಾರ್ಡ್‌ಗೂ ಸಿಗದ ಜಾಗ. ಈ ಸಲ ಸೊನ್ನೆ ಇರಲಿಲ್ಲ. ಸಾವಿರದ ಏಳುನೂರ ಚಿಲ್ಲರೆ ಇತ್ತು.

“ರೀ, ಇದು ನಮ್ಮನೇದೇನಾ?”

ಲೆಕ್ಕ ಸುಲಭ, ಆದರೆ ಕೊಳ್ಳುವಾಗ ಮಾಡಿರಲಿಲ್ಲ. ನನ್ನ ವಾಚ್‌ಮ್ಯಾನ್ ಹಗಲು ರಾತ್ರಿ ಸುಮ್ಮನೆ ನಿಂತಿರಲು 60 ವ್ಯಾಟ್ ಕುಡಿಯುತ್ತಿದ್ದ. ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43. ನಮ್ಮ ಮನೆಯ ಮಾಮೂಲಿ ಬಳಕೆ 168. ಎರಡೂ ಕೂಡಿ 211. ಗೃಹಜ್ಯೋತಿಯ ಗೆರೆ ನಿಮಗೆ ಗೊತ್ತೇ ಇದೆ: 2022-23ರ ಸರಾಸರಿಗೆ ಶೇಕಡ 10 ಸೇರಿಸಿದಷ್ಟು ಪುಕ್ಕಟೆ, ಅದನ್ನು ದಾಟಿದರೆ ದಾಟಿದ್ದಕ್ಕೆ ಮಾತ್ರ ಹಣ, 200 ದಾಟಿದರೆ ಮಾತ್ರ ಪೂರ್ತಿ ಬಿಲ್ ನಿಮ್ಮ ತಲೆಗೆ. ಹನ್ನೊಂದು ಯೂನಿಟ್ಟಿಗೆ ಇನ್ನೂರ ಹನ್ನೊಂದರ ದಂಡ ತೆತ್ತಿದ್ದೆವು.

ಹೆಂಡತಿ ಕೂಗಾಡಲಿಲ್ಲ. ಚೀಟಿಯನ್ನು ಮಡಿಸುತ್ತ, “ಬೇಲಿ ಎದ್ದು ಹೊಲ ಮೇಯೋದು ಅಂತ ಕೇಳಿದ್ದೆ. ನೋಡಿರಲಿಲ್ಲ” ಅಂದಳು. ಕೂಗಾಡಿದ್ದರೇ ಚೆನ್ನಾಗಿತ್ತು.

ಡೆಸ್ಕ್‌ಟಾಪ್ ಆರಿಸಿ ಹಳೆಯ ರೂಟರಿಗೇ ವೈರು ಚುಚ್ಚಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ನಾನು ‘ಕಡಿಮೆ ಕರೆಂಟಿನ ಯಂತ್ರ’ ಹುಡುಕತೊಡಗಿದೆ. ಆ ಮೂರು ತಿಂಗಳ ಬಗ್ಗೆ ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ಎಕ್ಸೆಲ್ ಹಾಳೆ ಮಾಡಿದೆ. ಮಗಳಿಗೆ ಗಂಡು ನೋಡುವಾಗ ನಮ್ಮ ಸೋದರಮಾವ ಕೂಡ ಅಷ್ಟು ಕಾಲಮ್ ಮಾಡಿರಲಿಲ್ಲ. ರಾಸ್‌ಬೆರಿ ಪೈ ನೋಡಿದೆ: ಅಗ್ಗ, ಪುಟ್ಟದು, ಆದರೆ ಇರುವುದು ಒಂದೇ ಲ್ಯಾನ್ ಬಾಗಿಲು; ಜಾತಕ ವಾಪಸು. ಎಇಎಸ್-ಎನ್‌ಐ ಎಂಬ ಗುಣ ಪ್ರೊಸೆಸರಿನಲ್ಲಿ ಇರಲೇಬೇಕು ಎಂದು ಒಂದು ವಾರ ಪಟ್ಟು ಹಿಡಿದೆ. 2017ರಲ್ಲಿ ಪಿಎಫ್‌ಸೆನ್ಸಿನವರು, ಬರಲಿರುವ 2.5 ಆವೃತ್ತಿಗೆ ಅದು ಕಡ್ಡಾಯ ಅಂದಿದ್ದರು. 2019ರಲ್ಲಿ ಅವರೇ ಆ ಮಾತು ಬಿಟ್ಟುಕೊಟ್ಟಿದ್ದರು. ನಾನು ಬಿಟ್ಟುಕೊಡಲಿಲ್ಲ. ವಿಪಿಎನ್‌ನ ಗುಪ್ತಲಿಪಿ ಕೆಲಸ ಬೇಗ ಆಗಲು ಅದು ಬೇಕು. ನನ್ನ ಹತ್ತಿರ ವಿಪಿಎನ್ ಇರಲಿಲ್ಲ, ಮುಂದೆ ಇಟ್ಟುಕೊಂಡರೆ?

ಈ ‘ಮುಂದೆ’ ಇದೆಯಲ್ಲ, ಎಸ್‌ಪಿ ರೋಡಿನ ಅರ್ಧ ವ್ಯಾಪಾರ ಅದರಿಂದಲೇ ನಡೆಯುತ್ತದೆ. ಕೊನೆಗೆ ಕಣ್ಣು ನಿಂತದ್ದು ಇಂಟೆಲ್ ಎನ್‌100 ಹಾಕಿದ ಒಂದು ಮಿನಿ ಪಿಸಿಯ ಮೇಲೆ. ಫ್ಯಾನಿಲ್ಲ, ಸದ್ದಿಲ್ಲ. ಮೈಯೆಲ್ಲ ಅಲ್ಯುಮಿನಿಯಂ ಏಣು, ಒಂದಲ್ಲ ಎರಡಲ್ಲ ನಾಲ್ಕು ಪೋರ್ಟ್, ಒಂದೊಂದೂ ಎರಡೂವರೆ ಗಿಗಾಬಿಟ್. 12 ವ್ಯಾಟಿನ ಆಸುಪಾಸು, ತಿಂಗಳಿಗೆ ಒಂಬತ್ತೇ ಯೂನಿಟ್. ಹದಿನಾರು ಸಾವಿರ. 168ಕ್ಕೆ 9 ಕೂಡಿ 177, ಗೆರೆಯೊಳಗೇ ಇದ್ದೇವೆ ಎಂದು ಹೆಂಡತಿಗೆ ತೋರಿಸಿದೆ. ಮಗ ಪಕ್ಕದಲ್ಲಿ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ.

“ಅಪ್ಪ, ನಮ್ಮ ಲೈನು ನೂರು ಎಂಬಿಪಿಎಸ್. ನೀನು ತರ್ತಿರೋದು ಎರಡೂವರೆ ಸಾವಿರದ್ದು. ಮನೆ ಮುಂದಿನ ಚರಂಡಿಗೆ ಕೆಆರ್‌ಎಸ್ ಗೇಟ್ ಕೂರಿಸ್ದಂಗಾಯ್ತು.”

“ಮುಂದೆ ಮಳೆ ಜಾಸ್ತಿ ಆದ್ರೆ?” ಅಂದೆ.

ಪೆಟ್ಟಿಗೆ ಬಂತು. ಬಾಳೆನಾರಿನ ಅಗತ್ಯವಿರಲಿಲ್ಲ. ಒಂದು ವಾರ ಚಿನ್ನದಂಥ ಕೆಲಸ. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು, ಆದರೆ ಶುಕ್ರವಾರ ರಾತ್ರಿ ನನಗೆ ‘ಇನ್ನಷ್ಟು ಬಿಗಿ’ ಮಾಡಬೇಕೆನಿಸಿತು. ಮಾಲೀಕ ತನ್ನ ಮೂರ್ಖತನದಿಂದ ತಾನೇ ಹೊರಗುಳಿಯದಿರಲಿ ಎಂದು ಪಿಎಫ್‌ಸೆನ್ಸ್ ಮಾಡಿದವರು ಮೊದಲಿಂದಲೇ ಒಂದು ನಿಯಮ ಹಾಕಿಟ್ಟಿರುತ್ತಾರೆ. ಎಂಥ ದೂರದೃಷ್ಟಿ ನೋಡಿ, ನನ್ನ ಮುಖ ನೋಡದೆಯೇ ಬರೆದದ್ದು. ಅದು ಭದ್ರತೆಯಲ್ಲಿ ತೂತು ಎಂದು ನಾನು ತೆಗೆದುಹಾಕಿದೆ. ಆಮೇಲೆ ‘ಎಲ್ಲವನ್ನೂ ತಡೆ’ ಎಂಬ ನಿಯಮವನ್ನು ಬೀದಿ ಬಾಗಿಲಿಗೆ ಹಾಕುವ ಬದಲು ಮನೆ ಬಾಗಿಲಿಗೆ ಹಾಕಿ, ರೀಬೂಟ್ ಒತ್ತಿದೆ.

ಮಗನ ಆನ್‌ಲೈನ್ ಟೆಸ್ಟ್ ನಿಂತಿತು. ಹೆಂಡತಿ ಅಮೆರಿಕದ ತಂಗಿಯ ಜೊತೆ ಮಾತಾಡುತ್ತಿದ್ದ ವಿಡಿಯೊ ಕಾಲ್, ತಂಗಿ ಬಾಯಿ ತೆರೆದ ಭಂಗಿಯಲ್ಲೇ ನಿಂತಿತು. ಸರಿ ಮಾಡೋಣವೆಂದರೆ ಸರಿ ಮಾಡುವ ಪುಟಕ್ಕೂ ನನಗೆ ಪ್ರವೇಶವಿಲ್ಲ. ನನ್ನ ವಾಚ್‌ಮ್ಯಾನ್ ನನ್ನನ್ನೇ ಗೇಟಿನಲ್ಲಿ ನಿಲ್ಲಿಸಿ ಯಾರು ನೀವು ಅಂದ. ಮಿನಿ ಪಿಸಿಗೆ ಪರದೆ ಇರುವುದಿಲ್ಲ. ಮನೆಯಲ್ಲಿ ಉಳಿದಿದ್ದ ಪರದೆ ಒಂದೇ, ಅದರ ಮುಂದೆ ಅಮ್ಮ ಕೂತಿದ್ದರು. ಧಾರಾವಾಹಿಯಲ್ಲಿ ವಿಷ ಬೆರೆಸಿದ ಹಾಲಿನ ಲೋಟ ಸೊಸೆಯ ತುಟಿಗೆ ತಾಕುವ ಹೊತ್ತಿಗೆ ನಾನು ಎಚ್‌ಡಿಎಂಐ ವೈರು ಕಿತ್ತೆ. ಕಪ್ಪು ಪರದೆ, ಬಿಳಿ ಅಕ್ಷರ.

“ಸತ್ಲೇನೋ?” ಅಂದರು ಅಮ್ಮ.

“ಇಲ್ಲಮ್ಮ, ನಾಲ್ಕನೇ ಆಯ್ಕೆ ಒತ್ತಿದರೆ ಬದುಕುತ್ತೆ.” ನಾಲ್ಕನೇ ಆಯ್ಕೆ ಎಂದರೆ ಫ್ಯಾಕ್ಟರಿ ರೀಸೆಟ್. ಒಂದು ವಾರದ ನನ್ನ ನಿಯಮಗಳೆಲ್ಲ ನೀರಲ್ಲಿ ಹೋಮ. ಸೊಸೆ ಏನಾದಳು ಎಂಬುದು ಸೋಮವಾರದ ತನಕ ಗೊತ್ತಾಗಲಿಲ್ಲ, ಅಲ್ಲಿಯವರೆಗೆ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ರೀಸೆಟ್ ಆದ ಮೇಲೆ ಲೈನಿನ ಸೆಟಿಂಗ್ ಮತ್ತೆ ಹಾಕಿಕೊಡಲು ಇಂಟರ್ನೆಟ್ ಕಂಪನಿಯ ಹುಡುಗ ಬಂದ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಲ್ಯಾಪ್‌ಟಾಪಿನಲ್ಲಿ ಬೀದಿ ಕಡೆಯ ವಿಳಾಸ ಓದಿದ. 100.78 ಅಂತ ಶುರುವಾಗುತ್ತಿತ್ತು.

“ಸಾರ್, ಇದು ನಿಮ್ಮ ಸ್ವಂತ ಐಪಿ ಅಲ್ಲ. ಹೊರಗಿಂದ ಯಾರೂ ನೇರವಾಗಿ ನಿಮ್ಮನೆಗೆ ಬರಕ್ಕಾಗಲ್ಲ.”

ಅವನು ಹೋದ ಮೇಲೆ ಓದಿಕೊಂಡೆ. ಐಪಿವಿ4 ವಿಳಾಸಗಳು ಸಾಲದೆ ಬಂದದ್ದರಿಂದ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು 2012ರಲ್ಲಿ, ಹಲವು ಮನೆಗಳು ಒಂದೇ ಹೊರ ವಿಳಾಸ ಹಂಚಿಕೊಳ್ಳಲೆಂದೇ ಎತ್ತಿಟ್ಟರು. ಅದನ್ನು ವಠಾರದ ಲೆಕ್ಕದಲ್ಲಿ ಹೇಳುವುದಾದರೆ, ಹತ್ತಾರು ಸಂಸಾರ, ಬೀದಿಗೆ ಒಂದೇ ಹೆಬ್ಬಾಗಿಲು, ಅಂಚೆಯವನಿಗೆ ಗೊತ್ತಿರುವುದು ವಠಾರದ ಯಜಮಾನರ ನಂಬರ್ ಒಂದೇ. ‘ಒಳಗಿಂದ ಮೂರನೇ ಮನೆ’ ಎಂಬುದು ಹೊರಗಿನ ಕಳ್ಳನಿಗೆ ಕಾಣುವುದೇ ಇಲ್ಲ. ನಾನು ಇಷ್ಟು ದಿನ ವಠಾರದ ಒಳಗಿನ ಮೂರನೇ ಮನೆಗೆ ಕೋಟೆ ಬಾಗಿಲು ಕೂರಿಸುತ್ತಿದ್ದೆ.

ಮತ್ತೆ ಆ ಕ್ಯಾಮೆರಾ? ಅದು ಯಾರಿಗೂ ಬಾಗಿಲು ತೆರೆಯಬೇಕಿಲ್ಲ. ತಾನೇ ಹೊರಗೆ ಹೋಗಿ ತನ್ನ ಕಂಪನಿಯ ಸರ್ವರಿಗೆ ವರದಿ ಒಪ್ಪಿಸುತ್ತದೆ. ಒಳಗಿನವರು ಹೊರಗೆ ಹೋದರೆ ವಾಚ್‌ಮ್ಯಾನ್ ಸಲಾಂ ಹೊಡೆಯುತ್ತಾನೆ ಅಂತ ಅಮ್ಮನಿಗೆ ನಾನೇ ಹೇಳಿದ್ದೆನಲ್ಲ. ಅದನ್ನು ಬೇರೆ ನಿಯಮ ಹಾಕಿ ತಡೆದೆ. ಗೇಟಿನಲ್ಲಿ ಯಾರು ನಿಂತಿದ್ದಾರೆ ಎಂಬುದು ಹೆಂಡತಿಯ ಮೊಬೈಲಿನಲ್ಲಿ ಕಾಣದಾಯಿತು. ಎರಡು ದಿನ ಹೂವಿನವಳು ಕೂಗಿ ಕೂಗಿ ವಾಪಸು ಹೋದ ಮೇಲೆ ನಿಯಮ ತೆಗೆದೆ.

“ಹೋಗ್ಲಿ, ಪಾಸ್‌ವರ್ಡ್ ಆದರೂ ಬದಲಾಯಿಸ್ತೀನಿ” ಅಂದೆ.

“ಅದನ್ನ ಅವತ್ತೇ ನಾನು ಬದಲಾಯಿಸಿದ್ನಲ್ಲ” ಅಂದ ಮಗ. “ನೀನು ಅಟ್ಟದ ಮೇಲಿದ್ದೆ.”

ಡೆಸ್ಕ್‌ಟಾಪ್ ಮಾರಾಟಕ್ಕಿದೆ. ಕಾರ್ಡ್ ಸಮೇತ ಐದು ಸಾವಿರ, ಬಾಳೆನಾರು ಉಚಿತ. ಮಿನಿ ಪಿಸಿ ಕೇಳಬೇಡಿ, ಅದನ್ನು ಹೆಂಡತಿ ಕೊಡುವುದಿಲ್ಲ. ಫ್ಯಾನಿಲ್ಲದ ಆ ಅಲ್ಯುಮಿನಿಯಂ ಮೈ ಹಗಲು ರಾತ್ರಿ ಹದವಾಗಿ ಬೆಚ್ಚಗಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಇಡ್ಲಿ ಹಿಟ್ಟು ಹುದುಗುವುದು ಎಷ್ಟು ಕಷ್ಟ ಅಂತ ಹಿಟ್ಟು ರುಬ್ಬುವವರಿಗೆ ಗೊತ್ತು. ಈಗ ರಾತ್ರಿ ಪಾತ್ರೆಯನ್ನು ಅದರ ತಲೆಯ ಮೇಲಿಟ್ಟರೆ ಬೆಳಿಗ್ಗೆ ಹಿಟ್ಟು ಅಂಚಿನವರೆಗೆ ಉಬ್ಬಿರುತ್ತದೆ. ಹೋದ ತಿಂಗಳು ಒಂದು ದಿನ ಅಂಚನ್ನೂ ದಾಟಿ ಉಕ್ಕಿ, ಏಣಿನ ಮೇಲಿಂದ ಇಳಿದು, ಒಂದನೇ ಪೋರ್ಟಿನೊಳಗೆ ಹೋಯಿತು. ಇದುವರೆಗೆ ನಮ್ಮ ಫೈರ್‌ವಾಲ್ ಹೊಕ್ಕದ್ದು ಅದೊಂದೇ. ಮಿಕ್ಕ ಮೂರು ಪೋರ್ಟ್ ಚೆನ್ನಾಗಿವೆ.